ನಾಲ್ಕು ಮೂಲೆ, ಐದು ತೋಳು

ಕ್ರೋಶಾದಲ್ಲಿ ಗ್ರ್ಯಾನಿ ಸ್ಕ್ವೇರ್‌ನಷ್ಟು ಸಾಧು ಹೆಣಿಗೆ ಇನ್ನೊಂದಿಲ್ಲ. ಚೈನು ಹಾಕಿ ಉಂಗುರ ಮಾಡಿ, ಅದರೊಳಗೆ ಮೂರು ಮೂರು ಕಂಬಗಳ ನಾಲ್ಕು ಗೊಂಚಲು ಹೆಣೆದರೆ, ನಡುವಿನ ಚೈನುಗಳೇ ಮೂಲೆಗಳು. ಸುತ್ತು ಹೆಚ್ಚಿದಂತೆ ಚೌಕ ಬೆಳೆಯುತ್ತದೆ. ನಕ್ಷತ್ರಮೀನು ಹಾಗಲ್ಲ. ಹೆಸರಿಗಷ್ಟೇ ಮೀನು, ಬೆನ್ನೆಲುಬಿಲ್ಲ. ಸಾಮಾನ್ಯವಾಗಿ ತೋಳು ಐದು. ನಾಲ್ಕು ಮೂಲೆಯ ಲೆಕ್ಕಕ್ಕೆ ಬಗ್ಗದು. ಬೇರೆಯಾಗಿಯೇ ಹೆಣೆದು ಚೌಕದ ಮೇಲೆ ಹೊಲಿಯಬೇಕು.

"ಅತ್ತೆ, ಈ ಐದೂ ತೋಳು ನೀವು ಐವರೇ ಅಲ್ವಾ?" ಎಂದಳು ತಮ್ಮನ ಮಗಳು. ಒಡಹುಟ್ಟಿದವರು ಐವರು ಹೌದು; ಅವಳಪ್ಪ ಹೋದ ಮೇಲೆ ನಾಲ್ವರು. ನಕ್ಷತ್ರಮೀನಿನ ತೋಳು ತುಂಡಾದರೆ ಮತ್ತೆ ಬೆಳೆಯುತ್ತದೆಂದು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಮನೆಯಲ್ಲಿ ಹಾಗಾಗುವುದಿಲ್ಲ. ಆದರೂ ಐದನೆಯ ತೋಳನ್ನು ಅವನಿಗೆ ಇಷ್ಟವಾದ ಹಳದಿ ನೂಲಿನಲ್ಲೇ ಹೆಣೆದೆ. ಅವಳ ಹೊದಿಕೆಯ ನಟ್ಟನಡುವಿನ ಚೌಕ ಈಗ ಅದೇ.