ಬೆನ್ನಿನೊಳಗಿನ ಬಿಲ್ಲೆಗಳು

ಬೆನ್ನೆಂಬುದೊಂದು ತನಗುಂಟೆಂಬುದು ಅದು ನೋಯುವವರೆಗೆ ಮನುಷ್ಯನ ನೆನಪಿಗೆ ಬಾರದು. ನನಗೆ ಅದು ನೆನಪಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಸೊಂಟದಲ್ಲಿ ಹುಟ್ಟಿದ ನೋವು ಎಡತೊಡೆಯ ಹಿಂಬದಿಯಿಂದಿಳಿದು, ಮೀನಖಂಡವನ್ನು ಹಾದು, ಪಾದದ ಕಿರುಬೆರಳಿನವರೆಗೂ ಮಿಂಚಿನಂತೆ ಹರಿಯತೊಡಗಿತು.

ನೆರೆಹೊರೆಯವರೆಲ್ಲ ಆ ಕೂಡಲೆ ವೈದ್ಯರಾದರು. "ಡಿಸ್ಕ್ ಜಾರಿದೆ," ಎಂದರೊಬ್ಬರು. "ಎರಡು ತಿಂಗಳು ಹಲಗೆಯ ಮೇಲೆ ಅಲುಗಾಡದೆ ಮಲಗಿರಿ," ಎಂದರು ಇನ್ನೊಬ್ಬರು. ಶಸ್ತ್ರಚಿಕಿತ್ಸೆಯಾದರೆ ಕಾಲು ಹೋದಂತೆಯೇ ಎಂದು ಹೆದರಿಸಿದವರೂ ಉಂಟು. ಮೂರು ತಿಂಗಳಿಗೆ ಮಗಳ ಮದುವೆ. ಧಾರೆಯೆರೆಯಲು ನಿಲ್ಲಬಲ್ಲೆನೇ ಎಂಬ ಚಿಂತೆ ನೋವಿಗಿಂತ ಹೆಚ್ಚಾಗಿ ನನ್ನ ನಿದ್ದೆಯನ್ನು ಕದಿಯಿತು.

ನಾನು ಕಂಡ ವೈದ್ಯರು ಸಾವಧಾನಿಗಳು. "ಬಿಲ್ಲೆ ಜಾರುವುದಿಲ್ಲ ಸ್ವಾಮಿ," ಎಂದು ನಕ್ಕರು. ಬೆನ್ನಿನ ಮಣಿಗಳ ನಡುವೆ ಇಂಥ 23 ಬಿಲ್ಲೆಗಳಿವೆಯಂತೆ. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರುಂಡ ಲೋಳೆ. ಹಗಲಿಡೀ ಭಾರ ಹೊತ್ತು ಅವು ಕುಗ್ಗುತ್ತವೆ. ಇರುಳು ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತವೆ. ಆದುದರಿಂದಲೇ ಸಂಜೆಗಿಂತ ಬೆಳಗ್ಗೆ ನಾವು ತುಸು ಎತ್ತರ! ನಾರಿನ ಸುತ್ತು ಬಿರಿದು ಲೋಳೆ ಹೊರಚಾಚಿ ನರದ ಬೇರನ್ನು ಕೆಣಕಿದಾಗ ನೋವು ಕಾಲಿಗಿಳಿಯುತ್ತದೆ. ಈ ಸಂಬಂಧವನ್ನು 1934ರಲ್ಲಿ ಸ್ಪಷ್ಟವಾಗಿ ಲೋಕದ ಮುಂದಿಟ್ಟವರು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು.

ಎಂ.ಆರ್.ಐ. ಚಿತ್ರದಲ್ಲಿ ಉಬ್ಬಿದ ಬಿಲ್ಲೆಯನ್ನು ಕಂಡು ನನ್ನ ಎದೆ ಕುಸಿದಾಗ ಅವರು ಮತ್ತೊಂದು ಸಂಗತಿ ಹೇಳಿದರು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಯ ಚಿತ್ರ ತೆಗೆದು ನೋಡಿದರೆ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬಿಲ್ಲೆಯೊಂದಾದರೂ ಉಬ್ಬಿತ್ತಂತೆ! ಚಿಕಿತ್ಸೆ ಬೇಕಾದದ್ದು ಮನುಷ್ಯನಿಗೆ, ಚಿತ್ರಕ್ಕಲ್ಲ. ಹೊರಬಂದ ಲೋಳೆಯನ್ನು ಎಷ್ಟೋ ವೇಳೆ ದೇಹವೇ ಮೆಲ್ಲಮೆಲ್ಲನೆ ಕರಗಿಸಿಕೊಳ್ಳುತ್ತದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಚೇತರಿಸಿಕೊಳ್ಳುತ್ತಾರೆ. ಬಹುಕಾಲ ಹಾಸಿಗೆ ಹಿಡಿದರೆ ಸ್ನಾಯುಗಳು ಸೊರಗುವುದಷ್ಟೇ ಲಾಭ.

ಅಂತೆಯೇ ನಡೆದೆ. ಮೊದಲು ಬಾಗಿಲಿನಿಂದ ತುಳಸಿಕಟ್ಟೆಗೆ, ಅನಂತರ ಬೀದಿಯ ಕೊನೆಗೆ. ಮದುವೆಯ ದಿನ ನೋವು ಪೂರ್ತಿ ಅಳಿದಿರಲಿಲ್ಲ; ಆದರೆ ಧಾರೆಯ ನೀರು ನನ್ನ ಕೈಯಿಂದಲೇ ಬಿತ್ತು.

ಧೈರ್ಯ ಹೇಳಿದ ಆ ವೈದ್ಯರೇ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶವೇ ತಿಳಿಯದಾದರೆ, ಕಾಲಿನ ಬಲ ದಿನದಿನಕ್ಕೆ ಕುಂದಿದರೆ, ಆಗ ಒಂದು ರಾತ್ರಿಯೂ ಕಾಯಲಾಗದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉಳಿದ ಬೆನ್ನುನೋವಿಗೆ ತಾಳ್ಮೆ ಮದ್ದು. ಇದಕ್ಕೆ ಮಾತ್ರ ತಾಳ್ಮೆಯೇ ವಿಷ.