ಕೊಡಚಾದ್ರಿಯ ಜೀಪೂ ನಮ್ಮ ಹಳೆಯ ಪಿಕಪ್ಪೂ

ಹೊಸನಗರದ ಕಡೆಯಿಂದ ಕೊಡಚಾದ್ರಿಗೆ ಹೊರಟವರಿಗೆ ನಗರ, ಸಂಪೇಕಟ್ಟೆಗಳನ್ನು ದಾಟಿ ಕಟ್ಟಿನಹೊಳೆಯನ್ನು ಸೇರುವವರೆಗೆ ದಾರಿಯು ದಾರಿಯಂತೆಯೇ ಇರುವುದು. ಅಲ್ಲಿಂದ ಮುಂದಿನದನ್ನು ದಾರಿಯೆಂದು ಕರೆಯುವುದು ಜೀಪಿನವರ ಔದಾರ್ಯವೆಂದೇ ಹೇಳಬೇಕು. ಮಳೆಗಾಲದ ನೀರು ಮೊಳದುದ್ದ ಕೊರೆದ ಕೊರಕಲುಗಳು, ಅವುಗಳ ನಡುವೆ ತಲೆಯೆತ್ತಿದ ಬಂಡೆಗಳು, ಒಂದು ಪಕ್ಕಕ್ಕೆ ದರೆ, ಇನ್ನೊಂದು ಪಕ್ಕಕ್ಕೆ ಕಾನು. ಹೀಗೆ ಏರಿ ಏರಿ 1343 ಮೀಟರು ಎತ್ತರದ ಶಿಖರದ ಬಳಿಗೆ ಬಾಡಿಗೆಯ ಜೀಪುಗಳು ಯಾತ್ರಿಕರನ್ನು ಕೊಂಡೊಯ್ಯುತ್ತವೆ. ಎರಡು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋದುದು ಸರ್ವಜ್ಞಪೀಠದ ದರ್ಶನಕ್ಕಾಗಿ ಅಲ್ಲ. ಜೀಪು ನಡೆಸುವವನ ಕೈಕಾಲುಗಳನ್ನು ನೋಡುವುದಕ್ಕಾಗಿ.

ಈ ವಿಚಿತ್ರವಾದ ಯಾತ್ರೆಗೆ ಕಾರಣವುಂಟು. ನಮ್ಮದು ಸಣ್ಣ ಅಡಿಕೆಯ ತೋಟ. ತೋಟದ ಕೆಲಸಕ್ಕೆಂದು, ಮುಂದೆ ಎರಡು ಸಾಲು ಆಸನಗಳೂ ಹಿಂದೆ ತೆರೆದ ಪೆಟ್ಟಿಗೆಯೂ ಉಳ್ಳ ಹಳೆಯ ಪಿಕಪ್ಪೊಂದನ್ನು ಕೊಂಡಿದ್ದೆವು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವನ್ನು ಹಂಚುವ ಸಣ್ಣದೊಂದು ಸನ್ನೆ ಗೇರಿನ ಪಕ್ಕದಲ್ಲಿತ್ತು. ಅದನ್ನು ಯಾವಾಗ ಎಳೆಯಬೇಕೆಂಬುದು ನನಗೆ ತಿಳಿದಿರಲಿಲ್ಲ. ಆಷಾಢದ ಒಂದು ದಿನ ಮನೆಯಿಂದ ನೂರು ಮಾರು ದೂರದಲ್ಲಿಯೇ ಗಾಡಿಯು ಅಚ್ಚಿನವರೆಗೆ ಹೂತುಹೋಯಿತು. ನೆರೆಯವರ ಟ್ರಾಕ್ಟರು ಬಂದು ಎಳೆಯಬೇಕಾಯಿತು. “ನಾಲ್ಕು ಚಕ್ರಕ್ಕೂ ಬಲ ಉಂಟು ಎಂದು ಹೇಳಿ ಕೊಂಡಿರಲ್ಲ, ಐದನೆಯದೂ ಬೇಕಿತ್ತೇನೋ” ಎಂದು ನನ್ನಾಕೆ ಜಗುಲಿಯ ಮೇಲಿನಿಂದಲೇ ಹೇಳಿದಳು.

ಮಲೆನಾಡಿಗೆ ಇಂಥ ಗಾಡಿಗಳು ಹೊಸವಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ವಿಲ್ಲೀಸ್ ಜೀಪನ್ನು, ಈಗ ಮಹೀಂದ್ರವೆಂದು ಪ್ರಸಿದ್ಧವಾಗಿರುವ ಕಂಪನಿಯವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ಆಮೇಲೆ ಜೀಪು ಕಾಫಿಯ ತೋಟಗಳ ಮನೆಮಗನಾಯಿತು. ಈಗ ವಿನೋದಕ್ಕಾಗಿ ಕೆಸರನ್ನು ಹುಡುಕಿಕೊಂಡು ಹೋಗುವವರು ಬಹಳವಾಗಿದ್ದಾರೆ. ನಮಗೆ ಕೆಸರೇ ಮನೆಬಾಗಿಲಿಗೆ ಬಂದಿತ್ತು, ಅಷ್ಟೇ ಭೇದ.

ಕೊಡಚಾದ್ರಿಯ ಜೀಪಿನವನು ಮೂವತ್ತರೊಳಗಿನ ಯುವಕ. ಅವನು ಚಕ್ರವನ್ನು ಹಿಡಿದ ಬಗೆಯೇ ಮೊದಲ ಪಾಠವಾಯಿತು. ಹೆಬ್ಬೆರಳುಗಳು ಒಳಗೆ ಸುತ್ತಿರದೆ ಅಂಚಿನ ಮೇಲೆಯೇ ಇದ್ದುವು. ಕಲ್ಲಿಗೆ ಬಡಿದು ಚಕ್ರವು ಥಟ್ಟನೆ ತಿರುಗಿದರೆ ಒಳಗಿರುವ ಹೆಬ್ಬೆರಳು ಮುರಿಯಬಹುದಂತೆ. ಬಂಡೆಯನ್ನು ಕಂಡೊಡನೆ ಅದನ್ನು ಎರಡು ಚಕ್ರಗಳ ನಡುವೆ ಹಾಯಿಸುವೆನೆಂದು ನಾನು ಎಣಿಸಿದ್ದೆನು. ಆತನು ಚಕ್ರವನ್ನು ನೇರವಾಗಿ ಬಂಡೆಯ ನೆತ್ತಿಗೇ ಹತ್ತಿಸಿದನು. “ಹೊಟ್ಟೆ ತಾಗಬಾರದು ಸಾರ್, ಚಕ್ರ ತಾಗಲಿ” ಎಂದನು. ಒಂದು ಚಕ್ರವು ಗಾಳಿಯಲ್ಲಿ ತೇಲಿತೆಂದರೆ ಬಲವೆಲ್ಲವೂ ಆ ಚಕ್ರಕ್ಕೇ ಹರಿದು ವ್ಯರ್ಥವಾಗಿ ತಿರುಗುವುದು. ನೆಲದ ಮೇಲಿರುವ ಅದರ ಜೊತೆಯ ಚಕ್ರವು ಸುಮ್ಮನೆ ನಿಂತುಬಿಡುವುದು. ಆದುದರಿಂದ ನಾಲ್ಕೂ ನೆಲಕ್ಕೆ ಅಂಟಿರುವ ಜಾಡನ್ನು ಆರಿಸಿಕೊಳ್ಳುವುದೇ ವಿದ್ಯೆಯ ಮುಕ್ಕಾಲು ಪಾಲು. ಎರಡು ಕಡೆ ಅವನು ಇಳಿದು ನಡೆದು ನೋಡಿ ಬಂದನು. ದಿನವೂ ಅದೇ ದಾರಿಯಲ್ಲಿ ಹೋಗುವವನು!

ಮನೆಗೆ ಬಂದ ಮೇಲೆ ಖರ್ಚಿನ ಮಾತು ಎದ್ದಿತು. ಕಾಲೇಜಿನಲ್ಲಿರುವ ಮಗನಿಗೆ ಗಾಡಿಯ ಮುಂದೆ ವಿಂಚು ಎಂಬ ಎಳೆಯುವ ಯಂತ್ರವೂ ನೆತ್ತಿಯ ಮೇಲೆ ದೀಪಗಳ ಸಾಲೂ ಬೇಕಾಗಿದ್ದುವು. ಗಾಡಿಯನ್ನು ಮೇಲಕ್ಕೆತ್ತಿಸಿ ದೊಡ್ಡ ಚಕ್ರಗಳನ್ನು ಹಾಕಿಸೋಣವೆಂಬುದು ಅವನ ಇನ್ನೊಂದು ಸೂಚನೆ. ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವುದನ್ನು ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಡೆಯುತ್ತದೆ; ಈ ಕಲಮಿಗೆ ನಾನು ಮನಸಾರೆ ಋಣಿಯಾಗಿದ್ದೇನೆ. ಅಡಿಕೆಯ ಹಣದ ಲೆಕ್ಕವನ್ನು ಇಟ್ಟಿರುವ ನನ್ನಾಕೆಯು ಐವತ್ತು ಸಾವಿರಕ್ಕೆ ಗೆರೆ ಎಳೆದಳು. ಅದರಲ್ಲಿ ಬಹುಪಾಲು, ಇದ್ದ ಅಳತೆಯಲ್ಲಿಯೇ ಒರಟು ಹಲ್ಲಿನ ನಾಲ್ಕು ಟೈರುಗಳಿಗೆ ಹೋಯಿತು. ಉಳಿದುದರಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು, ಗಟ್ಟಿಯಾದ ಎಳೆಹಗ್ಗ, ಎರಡು ಉಕ್ಕಿನ ಕೊಂಡಿಗಳು ಬಂದುವು. ಗುದ್ದಲಿಯು ಮನೆಯಲ್ಲಿಯೇ ಇತ್ತು.

ಕೊಯಿಲಾದ ಗದ್ದೆಯಲ್ಲಿಯೂ ತೋಟದ ಇಳಿಜಾರಿನಲ್ಲಿಯೂ ನಮ್ಮ ಅಭ್ಯಾಸ ನಡೆಯಿತು. ಬರಿದಾದ ಪಿಕಪ್ಪಿನ ಹಿಂಭಾಗವು ಹಗುರ. ಹಿಂದಿನ ಚಕ್ರಗಳು ಬೇಗನೆ ಜಾರುತ್ತವೆ. ಎರಡು ಮೂಟೆ ಮರಳನ್ನು ಅಚ್ಚಿನ ಮೇಲ್ಗಡೆ ಬಿಗಿದು ಕಟ್ಟಿದೊಡನೆ ಗಾಡಿಯ ಸ್ವಭಾವವೇ ಬದಲಾಯಿತು. 35 ಪೌಂಡು ಇದ್ದ ಗಾಳಿಯನ್ನು 20ಕ್ಕೆ ಇಳಿಸಿದರೆ ಟೈರು ಅಂಗಾಲಿನಂತೆ ಹರಡಿ ನೆಲವನ್ನು ಹಿಡಿಯುತ್ತದೆ. ಹೊರೆ ಹೇರಿದಾಗ ಮಾತ್ರ ಹೀಗೆ ಇಳಿಸಬಾರದು, ಟಾರು ರಸ್ತೆಗೆ ಬರುವ ಮೊದಲು ಮರಳಿ ತುಂಬಿಸತಕ್ಕದ್ದು. ಒಣಗಿದ ಟಾರಿನ ಮೇಲೆ ನಾಲ್ಕು ಚಕ್ರದ ಸನ್ನೆಯನ್ನು ಎಳೆದೇ ಇಟ್ಟು ತಿರುಗಿಸಿದರೆ ಒಳಗಿನ ಹಲ್ಲುಗಳು ಸೆಡೆತು ಕೆಡುತ್ತವೆ. ಇದನ್ನು ಮೊದಲೇ ತಿಳಿದಿದ್ದರೆ ನನಗೆ ಒಂದು ದುರಸ್ತಿಯ ಖರ್ಚು ಉಳಿಯುತ್ತಿತ್ತು.

ಕಾರ್ತಿಕದಲ್ಲಿ ಅಕಾಲದ ಮಳೆಯೊಂದು ಬಂದುಹೋಯಿತು. ಮರುದಿನ ಮೆಣಸಿನ ಬಳ್ಳಿಗಳಿರುವ ಮೇಲಿನ ದಿಬ್ಬಕ್ಕೆ ಹೋಗಲೆಂದು ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಏರನ್ನು ಹತ್ತಿಸಿದೆನು. ನಡೆದು ನೋಡಿರಲಿಲ್ಲ. ನಡುವೆ ಎಂಜಿನ್ ನಿಂತುಹೋಯಿತು. ಗಾಬರಿಯಿಂದ ಕ್ಲಚ್ಚನ್ನು ತುಳಿದೆನು. ಎಂಜಿನ್ನಿನ ಹಿಡಿತವೂ ತಪ್ಪಿತು. ಬ್ರೇಕನ್ನು ಒತ್ತಿದರೂ ಕೆಂಪು ಜೇಡಿಯ ಮೇಲೆ ಗಾಡಿಯು ಹಿಂದಕ್ಕೆ ಜಾರುತ್ತ ಓರೆಯಾಗಿ ತಿರುಗಿತು. ಹಿಂದಿನ ಚಕ್ರವು ಹಲಸಿನ ಮರದ ಬುಡಕ್ಕೆ ತಾಗಿ ನಿಂತಿತು. ಮರದಿಂದಾಚೆ ಎರಡಾಳು ಆಳದ ಹಳ್ಳ. “ಅಪ್ಪಾ, ನಾನು ಇಳಿಯಲೆ?” ಎಂದು ಮಗನು ಬಹಳ ಮೆಲ್ಲಗೆ ಕೇಳಿದನು. ಏರಿನ ಕಡೆಯ ಬಾಗಿಲಿನಿಂದ ಅವನನ್ನು ಇಳಿಸಿ, ಚಕ್ರಗಳಿಗೆ ಕಲ್ಲು ಕೊಡಿಸಿ, ಗಾಡಿಯನ್ನು ಮೇಲಿನ ಮರವೊಂದಕ್ಕೆ ಹಗ್ಗದಿಂದ ಬಿಗಿದ ಮೇಲೆಯೇ ನಾನು ಇಳಿದೆನು. ಒಂದು ಗಂಟೆಯ ಕಾಲ ಇಬ್ಬರೂ ಮೇಲ್ಬದಿಯ ಮಣ್ಣನ್ನು ಕಡಿದು ಚಕ್ರಗಳನ್ನು ಸಮ ಮಾಡಿದೆವು. ಆಮೇಲೆ ಸಣ್ಣ ಸನ್ನೆಯನ್ನು ನಿಧಾನದ ಬಲಕ್ಕೆ ಹಾಕಿ, ಹಿಂದಿನ ಗೇರಿನಲ್ಲಿ, ಕ್ಲಚ್ಚನ್ನು ತುಳಿಯದೆ, ಎಂಜಿನ್ನಿನ ಹಿಡಿತದಲ್ಲಿಯೇ ನೇರವಾಗಿ ಕೆಳಕ್ಕೆ ಬಂದೆನು. ಮೊದಲೇ ಹೀಗೆ ಮಾಡಿದ್ದರೆ ಹಲಸಿನ ಮರದ ಉಪಕಾರವು ಬೇಕಾಗುತ್ತಿರಲಿಲ್ಲ. ಕೊಡಚಾದ್ರಿಯಲ್ಲಿ ಇಳಿಯುವಾಗ ಆ ಯುವಕನು ಕ್ಲಚ್ಚಿನಿಂದ ಕಾಲನ್ನು ದೂರವಿಟ್ಟುದನ್ನು ನಾನು ನೋಡಿದ್ದೆನು, ಏಕೆಂದು ಕೇಳಿರಲಿಲ್ಲ.

ಮನೆಯಲ್ಲಿ ನಾನು ಹೇಳುವ ಮೊದಲೇ ಮಗನು ಎಲ್ಲವನ್ನೂ ಹೇಳಿಬಿಟ್ಟಿದ್ದನು. ಆಕೆ ಏನನ್ನೂ ಆಡಲಿಲ್ಲ. ಮರುದಿನ ಬೆಳಗ್ಗೆ ಒಬ್ಬಳೇ ಆ ಏರಿಗೆ ಹೋಗಿ, ಜಾರಿದ ಗುರುತನ್ನೂ ಹಲಸಿನ ಬುಡದ ಗಾಯವನ್ನೂ ನೋಡಿ ಬಂದಳು.

ಪುಷ್ಯದಲ್ಲಿ ಮೂವರೂ ಕೊಡಚಾದ್ರಿಗೆ ಹೊರಟೆವು. ನಮ್ಮ ಗಾಡಿಯಲ್ಲಿಯೇ ಮೇಲಕ್ಕೆ ಹೋಗಿಬಿಡೋಣವೆಂದು ಮಗನಿಗೆ ಆಸೆಯಿತ್ತು. ಅದು ವನ್ಯಜೀವಿಗಳ ಧಾಮ. ಒಂದು ಮಳೆಗಾಲದಲ್ಲಿ ಚಕ್ರವು ಉತ್ತ ಹುಲ್ಲುಗಾವಲು ಮುಂದಿನ ಮಳೆಗೆ ಕೊರಕಲಾಗುತ್ತದೆ. ಕಟ್ಟಿನಹೊಳೆಯಲ್ಲಿ ಪಿಕಪ್ಪನ್ನು ನಿಲ್ಲಿಸಿ ಬಾಡಿಗೆಯ ಜೀಪನ್ನು ಹಿಡಿದೆವು. ಪುಣ್ಯವಶಾತ್ ಅದೇ ಯುವಕ. ಮುಂದಿನ ಆಸನವನ್ನು ನನ್ನಾಕೆಯು ಕೇಳಿ ಪಡೆದಳು. ಮೊದಲ ಏರು ಬಂದೊಡನೆ ಅವನ ಕಡೆಗೆ ತಿರುಗಿ, “ಇಲ್ಲಿ ಎಂಜಿನ್ ನಿಂತುಹೋದರೆ ಏನು ಮಾಡುತ್ತೀಯಪ್ಪ? ಒಮ್ಮೆ ನಿಲ್ಲಿಸಿ ತೋರಿಸು, ಹಿಂದೆ ಕುಳಿತವರೂ ನೋಡಲಿ” ಎಂದಳು.