ಎಂಟು ಬಕೆಟ್ ಬಿಸಿನೀರು

ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಆರೂವರೆ. ಒಗ್ಗರಣೆಗೆ ಎಣ್ಣೆ ಇಟ್ಟಿದ್ದ ಅವ್ವ ಅಡುಗೆಮನೆಯಿಂದ ಕೂಗಿದಳು: "ಗ್ಯಾಸ್ ಮುಗೀತು ನೋಡೋ!"

ನನಗೆ ನಂಬಿಕೆ ಬರಲಿಲ್ಲ. ನಮ್ಮ ಮನೆಯಲ್ಲಿ ಸಿಲಿಂಡರ್ ಬದಲಾಯಿಸಿದ ದಿನ ಅಪ್ಪಾಜಿ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಪೆನ್ನಿನಿಂದ ಸುತ್ತು ಹಾಕುತ್ತಾರೆ. ಹೋಗಿ ನೋಡಿದೆ. ಸುತ್ತು ಹಾಕಿ ಹದಿನೈದೇ ದಿನ ಆಗಿತ್ತು. ಬೇರೆ ದಿನಗಳಲ್ಲಿ ಒಂದು ಸಿಲಿಂಡರ್ ನಮಗೆ 45 ದಿನ ಬರುತ್ತೆ.

ಕಾರಣ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ ಅಷ್ಟೆ. ನ್ಯಾಮತಿಗೆ ಕೊಟ್ಟಿರುವ ತಂಗಿ ಬಾಣಂತನಕ್ಕೆ ಬಂದಿದ್ದಳು. ನಮ್ಮದು ಹೊನ್ನಾಳಿ, ಹೊಳೆದಂಡೆಯ ಊರು. ಚಳಿಗಾಲದ ಬೆಳಗಿನಲ್ಲಿ ಟ್ಯಾಂಕಿನ ನೀರು ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಬಾಣಂತಿಗೆ ಮೂರು ಬಕೆಟ್, ಕೂಸಿಗೆ ಒಂದು, ಉಳಿದವರಿಗೆ ತಲಾ ಒಂದು. ಒಟ್ಟು ದಿನಕ್ಕೆ ಎಂಟು ಬಕೆಟ್ ಬಿಸಿನೀರು. ಎಲ್ಲವೂ ಗ್ಯಾಸ್ ಒಲೆಯ ಮೇಲೆ, ದೊಡ್ಡ ಪಾತ್ರೆಯಲ್ಲೇ ಕಾಯಬೇಕು.

ಮೊದಲು ಹೀಗಿರಲಿಲ್ಲ. ಬಚ್ಚಲಲ್ಲಿ ಒಲೆ ಇತ್ತು, ಅದರ ಮೇಲೆ ತಾಮ್ರದ ಹಂಡೆ ಕೂತಿತ್ತು. ಹತ್ತು ವರ್ಷದ ಹಿಂದೆ, ನಾನು ಇಂಜಿನಿಯರಿಂಗ್ ಓದುವಾಗ, ಮಸಿ ಹಿಡಿದ ಆ ಬಚ್ಚಲಿಗೆ ಹಾಸ್ಟೆಲ್ ಗೆಳೆಯರನ್ನು ಕರೆದುಕೊಂಡು ಬರಲು ನಾಚಿಕೆ ಆಗಿ, ಹಟ ಹಿಡಿದು ಒಲೆ ಒಡೆಸಿ ಟೈಲ್ಸ್ ಹಾಕಿಸಿದ್ದೆ. ಹಂಡೆ ಅಟ್ಟ ಸೇರಿತು. ಆಮೇಲೆ ದೀಪಾವಳಿಯ ನೀರು ತುಂಬೋ ಹಬ್ಬಕ್ಕೆ ಅವ್ವ ಪ್ಲಾಸ್ಟಿಕ್ ಬಕೆಟ್ಟಿಗೇ ಹೂವು ಏರಿಸುತ್ತಿದ್ದಳು.

ವರ್ಕ್ ಫ್ರಮ್ ಹೋಮ್ ತಗೊಂಡು ಊರಿಗೆ ಬಂದಿದ್ದೆ. ಸಮಸ್ಯೆ ಕಂಡರೆ ಎಕ್ಸೆಲ್ ಶೀಟ್ ತೆರೆಯೋದು ನಮ್ಮ ಕೆಲಸದವರ ಚಾಳಿ. ತೆರೆದೆ.

20 ಲೀಟರ್ ನೀರನ್ನು 20 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ ಶಕ್ತಿ ಬೇಕು. ಒಲೆ ಮೇಲೆ ದೊಡ್ಡ ಪಾತ್ರೆ ಇಟ್ಟರೆ ಹೆಚ್ಚುಕಮ್ಮಿ ಅರ್ಧ ಶಾಖ ಪಕ್ಕದಿಂದಲೇ ಹಾರಿಹೋಗುತ್ತೆ. ಹಾಗಾಗಿ ಒಂದು ಬಕೆಟ್ಟಿಗೆ 80 ಗ್ರಾಂ ಗ್ಯಾಸ್. 14.2 ಕೆಜಿ ಸಿಲಿಂಡರಿಗೆ 870 ರೂಪಾಯಿ ಅಂತ ಹಿಡಿದರೂ ಬಕೆಟ್ಟಿಗೆ ಐದು ರೂಪಾಯಿ, ಎಂಟು ಬಕೆಟ್ಟಿಗೆ ದಿನಕ್ಕೆ 40 ರೂಪಾಯಿ. ಅಡುಗೆಯ ಖರ್ಚು ಸೇರಿಸಿದರೆ ಹದಿನೈದೇ ದಿನಕ್ಕೆ ಸಿಲಿಂಡರ್ ಖಾಲಿ. ಅಪ್ಪಾಜಿಯ ಕ್ಯಾಲೆಂಡರ್ ಸುಳ್ಳು ಹೇಳಿರಲಿಲ್ಲ.

ಕರೆಂಟಿನ ಕಾಯಿಲ್ ಹಾಕೋಣ ಅಂದರೆ ಅದಕ್ಕೂ ಲೆಕ್ಕ ಇತ್ತು. ಗೃಹಜ್ಯೋತಿಯಲ್ಲಿ ನಮಗೆ ಪುಕ್ಕಟೆ ಸಿಗುವುದು 80 ಯೂನಿಟ್, ಅಂದರೆ 2022-23ರಲ್ಲಿ ನಾವು ಬಳಸಿದ್ದ ಸರಾಸರಿಯ ಮೇಲೆ ಶೇ. 10 ಸೇರಿಸಿ ಬಂದದ್ದು. ಮನೆಗೆ 75 ಯೂನಿಟ್ ಖರ್ಚಾಗುತ್ತೆ. ಎಂಟು ಬಕೆಟ್ ಕಾಯಿಸಲು ತಿಂಗಳಿಗೆ ಇನ್ನೂ 130 ಬೇಕು. ಒಟ್ಟು 200 ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕು. ಜೊತೆಗೆ ಒದ್ದೆ ನೆಲ, ಬಾಣಂತಿ, ಕೂಸು. ಕಾಯಿಲ್ ಅಂದರೆ ಅವ್ವನಿಗೆ ಭಯ.

ಉಳಿದದ್ದು ಗ್ಯಾಸ್ ಗೀಸರ್. ಬಕೆಟ್ಟಿಗೆ 80 ಗ್ರಾಂ ಬದಲು 50 ಗ್ರಾಂ ಸಾಕು. ಎರಡೇ ಚಳಿಗಾಲದಲ್ಲಿ ದುಡ್ಡು ವಾಪಸ್ ಅಂತ ಶೀಟ್ ಹೇಳಿತು. ಕೊಂಡುಬಿಟ್ಟೆ.

ಫಿಟ್ ಮಾಡಲು ಬಂದ ಹುಡುಗ, "ಹೊರಗಡೆ ಗೋಡೆಗೆ ಹಾಕೋಣ ಸಾರ್, ಪೈಪ್ ಒಳಗೆ ತಂದ್ರಾತು" ಅಂದ. ಪೈಪಿನಲ್ಲಿ ಬರುವಷ್ಟರಲ್ಲಿ ನೀರು ಆರುತ್ತೆ, ಗ್ಯಾಸ್ ದಂಡ ಅನ್ನಿಸಿತು. ಸಿಲಿಂಡರ್ ಹೊರಗಿಟ್ಟು ಗೀಸರನ್ನು ಬಚ್ಚಲ ಒಳಗೇ ಹಾಕಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಗವಾಕ್ಷಿಯಿಂದ ತಣ್ಣನೆ ಗಾಳಿ ನುಗ್ಗುತ್ತಿತ್ತು. ಶಾಖ ಸೋರಿಹೋಗುತ್ತೆ, ಬಾಣಂತಿಗೂ ಗಾಳಿ ಬಡಿಯಬಾರದು ಅಂತ ಒಂದು ಪ್ಲೈವುಡ್ ತುಂಡು ಕೊಯ್ಸಿ ಗವಾಕ್ಷಿಗೆ ಹೊಡೆದು, ಸಂದಿಗೆಲ್ಲ ಟೇಪ್ ಸುತ್ತಿದೆ. ಅರವತ್ತು ರೂಪಾಯಿಯಲ್ಲಿ ಕೆಲಸ ಮುಗಿಯಿತು. ಅವತ್ತು ಬಹಳ ಖುಷಿಯಾಗಿದ್ದೆ.

ಕೂಸಿಗೆ ನೀರು ಹಾಕಲು ಜಗಳೂರು ಕಡೆಯ ಹಳ್ಳಿಯಿಂದ ದೊಡ್ಡವ್ವ ಬಂದಿದ್ದಳು. ಬರದ ಸೀಮೆಯವಳು, ಜಾಲಿ ಸೌದೆಯಲ್ಲಿ ನೀರು ಕಾಯಿಸಿ, ಒಂದು ಚೊಂಬು ನೀರನ್ನೂ ಲೆಕ್ಕ ಇಟ್ಟು ಬಳಸಿದವಳು. ಬಚ್ಚಲಿಗೆ ಕಾಲಿಟ್ಟ ಮೊದಲ ದಿನವೇ ಮೇಲೆ ನೋಡಿ, "ಯಾಕೋ ತಮ್ಮಾ, ಬಚ್ಚಲಿಗೆ ಉಸಿರಾಡಾಕ ಜಾಗ ಬ್ಯಾಡೇನು?" ಅಂದಳು. ನಾನು ನಕ್ಕು ಶಾಖದ ಪಾಠ ಹೇಳಿದೆ. ಅವಳು ಕೇಳಿಸಿಕೊಂಡಳು, ಮಾತು ಮುಂದುವರಿಸಲಿಲ್ಲ.

ಜನವರಿ ಮೊದಲ ವಾರ, ಒಂದು ಬೆಳಿಗ್ಗೆ. ತಂಗಿಯ ಸ್ನಾನ ಮುಗಿದಿತ್ತು. ದೊಡ್ಡವ್ವ ಮಣೆ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುತ್ತಿದ್ದಳು. ಬಾಗಿಲು ಹಾಕಿತ್ತು, ಗೀಸರ್ ಉರಿಯುತ್ತಲೇ ಇತ್ತು. ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಬಾಗಿಲು ದಡ್ ಅಂತ ತೆರೆದ ಸದ್ದು, ಹಿಂದೆಯೇ "ಅಣ್ಣಾ!" ಅಂತ ತಂಗಿಯ ಕೂಗು.

ಓಡಿದೆ. ದೊಡ್ಡವ್ವ ಕೂಸನ್ನು ತಂಗಿಯ ಕೈಗೆ ಕೊಟ್ಟು ಗೋಡೆಗೆ ಒರಗಿ ಕುಸಿದಿದ್ದಳು. ತಲೆ ಎತ್ತಲು ಆಗುತ್ತಿರಲಿಲ್ಲ. ಎರಡು ಸಲ ವಾಂತಿ ಆಯಿತು. ಬಿಪಿ ಇರಬೇಕು ಅಂದುಕೊಂಡು ಅವಳನ್ನೂ ಕೂಸನ್ನೂ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟೆವು.

ಡಾಕ್ಟರ್ ಮೂರು ಪ್ರಶ್ನೆ ಕೇಳಿದರು. "ಸ್ನಾನದ ಮನೆಯಲ್ಲೇ ಆಯ್ತಾ?" ಹೌದು. "ಗ್ಯಾಸ್ ಗೀಸರ್ ಒಳಗಿದೆಯಾ?" ಹೌದು. "ಕಿಟಕಿ ಇದೆಯಾ?"

"ಇತ್ತು ಸಾರ್" ಅಂದೆ. ಮುಂದಿನದನ್ನು ಹೇಳಲು ಗಂಟಲು ಕಟ್ಟಿತು.

ಆಕ್ಸಿಜನ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ದೊಡ್ಡವ್ವ ಎದ್ದು ಕೂತು ಚಹಾ ಕೇಳಿದಳು. ಕೂಸನ್ನು ಸಂಜೆವರೆಗೂ ನೋಡಿ, ಏನೂ ಆಗಿಲ್ಲ ಅಂತ ಕಳಿಸಿದರು. ಕಾರಿನಲ್ಲಿ ಬರುವಾಗ ದೊಡ್ಡವ್ವ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ನನಗ ತಲಿ ತಿರುಗಿದ್ದು ಗೊತ್ತಾಗಲಿಲ್ಲೋ. ನೀರು ಹಾಕಿದ್ರೆ ದಿನಾ ಊರು ಒಂದು ಮಾಡೋ ಕೂಸು, ಅವತ್ತು ಅಳೋದು ಬಿಟ್ಟುಬಿಡ್ತು. ಅದಕ್ಕ ಹೆದರಿ ಎದ್ದೆ."

ಆ ರಾತ್ರಿ ಮತ್ತೆ ಶೀಟ್ ತೆರೆದೆ. ಮೊದಲೇ ಮಾಡಬೇಕಿದ್ದ ಲೆಕ್ಕ ಅದು. ಒಂದು ಕೆಜಿ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ನಮ್ಮ ಬಚ್ಚಲು ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರ. ಅದರೊಳಗಿನ ಗಾಳಿ ಎಂಟು ಘನ ಮೀಟರ್ ಕೂಡ ಇಲ್ಲ. ಎಂಟು ಬಕೆಟ್ಟಿಗೆ 400 ಗ್ರಾಂ ಗ್ಯಾಸ್ ಉರಿದರೆ ಐದು ಘನ ಮೀಟರಿಗೂ ಹೆಚ್ಚು ಗಾಳಿ ಹೋಯಿತು. ನಡುನಡುವೆ ಬಾಗಿಲು ತೆರೆಯುತ್ತಿದ್ದುದರಿಂದ ಅಷ್ಟು ದಿನ ಬಚಾವಾಗಿದ್ದೆವು.

ಗಾಳಿ ಸಾಲದೆ ಹೋದಾಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದರೆ ಬರುವ ಕೆಟ್ಟ ವಾಸನೆ ಗ್ಯಾಸಿಗೆ ಬೇಕಂತಲೇ ಬೆರೆಸಿದ್ದು. ಗ್ಯಾಸ್ ಉರಿದ ಮೇಲೆ ಆ ಎಚ್ಚರಿಕೆಯೂ ಇರಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ. ಎದ್ದು ಚಿಲಕ ತೆಗೆಯೋಣ ಅನ್ನುವ ಹೊತ್ತಿಗೆ ಕೈ ಬರಲ್ಲ. ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಸತ್ತ ಸುದ್ದಿ ಚಳಿಗಾಲದಲ್ಲಿ ಪೇಪರಿನಲ್ಲಿ ನಾನೂ ಎಷ್ಟೋ ಸಲ ಓದಿ ಮುಂದೆ ಸ್ಕ್ರಾಲ್ ಮಾಡಿದ್ದೆ.

ಶಾಖ ಸೋರುವ ತೂತು ಅಂತ ನಾನು ಮುಚ್ಚಿದ್ದು ಗಾಳಿ ಬರುವ ದಾರಿಯನ್ನು. ಅದರಿಂದ ಉಳಿದದ್ದು ದಿನಕ್ಕೆ ಒಂದು ರೂಪಾಯಿಯೋ, ಎರಡೋ.

ಮರುದಿನ ಬೆಳಿಗ್ಗೆ ಮೊದಲು ಪ್ಲೈವುಡ್ ಕಿತ್ತೆ. ಅದೇ ಹುಡುಗನನ್ನು ಕರೆಸಿ ಗೀಸರನ್ನು ಹಿತ್ತಿಲ ಗೋಡೆಗೆ, ತೆರೆದ ಗಾಳಿಗೆ ಹಾಕಿಸಿದೆ. ಪೈಪಿಗೆ ಸ್ಪಂಜಿನ ಕೊಳವೆ ತೊಡಿಸಿದ. ನೀರು ಆರುತ್ತೆ ಅಂತ ನಾನು ಹೆದರಿದ್ದು ಎಷ್ಟು ದಂಡ ಅಂದರೆ, ಎರಡು ಚೊಂಬು ತಣ್ಣೀರು ಮೊದಲು ಬರುತ್ತೆ, ಆಮೇಲೆ ಸರಿಹೋಗುತ್ತೆ.

ಆದರೆ ಎಂಟು ಬಕೆಟ್ಟಿನ ಖರ್ಚು ಹಾಗೇ ಇತ್ತಲ್ಲ? ಅದಕ್ಕೆ ದಾರಿ ತೋರಿಸಿದ್ದು ಚನ್ನಗಿರಿ ಕಡೆಯ ಸೋದರತ್ತೆ. ಅವರದು ಅಡಿಕೆ ತೋಟ. ಕೊಯ್ಲಿನ ಕಾಲಕ್ಕೆ ಆ ಸೀಮೆಯಲ್ಲಿ ಅಡಿಕೆ ಸಿಪ್ಪೆ ರಸ್ತೆಬದಿಯಲ್ಲೆಲ್ಲ ರಾಶಿ ಬಿದ್ದಿರುತ್ತೆ, ಎಷ್ಟೋ ಕಡೆ ಅಲ್ಲೇ ಬೆಂಕಿ ಹಾಕುತ್ತಾರೆ. "ಬೇಕಾದಷ್ಟು ಒಯ್ಯಿ, ನಮಗ ಜಾಗ ಖಾಲಿ ಆದ್ರೆ ಸಾಕು" ಅಂದರು. ಒಣಗಿದ ಸಿಪ್ಪೆ ಒಂದು ಟಾಟಾ ಏಸ್ ತುಂಬ ಬಂತು. ನಮ್ಮ ಸುತ್ತಮುತ್ತ ಮೆಕ್ಕೆಜೋಳಕ್ಕೆ ಬರವಿಲ್ಲ, ಕಾಳು ಬಿಡಿಸಿದ ಬೆಂಡೂ ನಾಲ್ಕು ಚೀಲ ಸಿಕ್ಕಿತು.

ಹಂಡೆ ಅಟ್ಟದಿಂದ ಇಳಿಯಿತು. ಹುಣಸೆಹಣ್ಣು ಹಾಕಿ ತಿಕ್ಕುವಾಗ ಅವ್ವನ ಮುಖ ನೋಡಬೇಕಿತ್ತು. ಹಿತ್ತಿಲಲ್ಲಿ ತಗಡಿನ ಸೂರಿನ ಕೆಳಗೆ, ಹೊಗೆ ಮೇಲೆ ಹೋಗಲು ಕೊಳವೆ ಇಟ್ಟು ಒಲೆ ಕಟ್ಟಿಸಿದೆವು. ಈಗ ಬೆಳಗಿನ ಬಿಸಿನೀರೆಲ್ಲ ಹಂಡೆಯದು. ಸಂಜೆ ಕೂಸಿಗೆ, ಮಳೆ ಬಂದಾಗ, ಅವ್ವನಿಗೆ ಮೈ ಸರಿ ಇಲ್ಲದಾಗ ಮಾತ್ರ ಗೀಸರ್. ಮುಂದಿನ ಸಿಲಿಂಡರ್ 34 ದಿನ ಬಂತು.

ಹಳೆಯದೆಲ್ಲ ಹೊನ್ನು ಅಂತ ಹೇಳುತ್ತಿಲ್ಲ. ಹೊಗೆ ಹೊಗೆಯೇ. ಮನೆಯೊಳಗಿನ ಒಲೆ ಊದಿ ಊದಿ ನಮ್ಮಜ್ಜಿ ಕಡೆಗಾಲದವರೆಗೂ ಕೆಮ್ಮಿದಳು. 2016ರಲ್ಲಿ ಉಜ್ವಲಾ ಯೋಜನೆ ಬಂದದ್ದು ಹೆಂಗಸರನ್ನು ಆ ಹೊಗೆಯಿಂದ ತಪ್ಪಿಸಲಿಕ್ಕೇ. ಅದಕ್ಕೇ ಒಲೆ ಹೊರಗೆ, ಬೆಂಕಿ ಹಾಕುವ ಪಾಳಿ ನನ್ನದು ಮತ್ತು ಅಪ್ಪಾಜಿಯದು. ನಾನು ಬೆಂಗಳೂರಿಗೆ ವಾಪಸ್ ಹೋದ ಮೇಲೂ ಅಪ್ಪಾಜಿ ಅವ್ವನಿಗೆ ಬಿಟ್ಟುಕೊಟ್ಟಿಲ್ಲ. ಮುಂದಿನ ದೀಪಾವಳಿಯೊಳಗೆ ಸೋಲಾರ್ ಹಾಕಿಸಬೇಕು ಅಂತ ದುಡ್ಡು ಕೂಡಿಸುತ್ತಿದ್ದೇನೆ. ನಮ್ಮ ಕಡೆ ಚಳಿಗಾಲದ ಬಿಸಿಲಿಗೆ ಮೋಡದ ಕಾಟ ಕಡಿಮೆ.

ನನ್ನ ಹಾಗೆ ಊರು ಬಿಟ್ಟು ಬೆಂಗಳೂರಲ್ಲಿ ಇರುವವರು ಬಹಳ ಜನ ಇದನ್ನು ಓದುತ್ತಿರಬಹುದು. ಊರಿನ ಮನೆಗೆ ಗೀಸರ್ ಆನ್‌ಲೈನ್‌ನಲ್ಲೇ ಕಳಿಸಿಬಿಡುತ್ತೇವೆ, ಯಾವ ಗೋಡೆಗೆ ಹಾಕಿದರು ಅಂತ ಕೇಳುವುದಿಲ್ಲ. ಇವತ್ತು ರಾತ್ರಿ ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ: ಗ್ಯಾಸ್ ಗೀಸರ್ ಬಚ್ಚಲ ಒಳಗಿದೆಯಾ? ಗವಾಕ್ಷಿ ತೆರೆದಿದೆಯಾ? ಒಳಗಿದ್ದರೆ ಹೊರಗೆ ಹಾಕಿಸಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಕೊಂಡು, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಗೆ ಹೋದ ಮೇಲೆ ಸ್ನಾನಕ್ಕೆ ಹೋಗಲಿ. ಸ್ನಾನ ಮಾಡುವಾಗ ಯಾರಿಗಾದರೂ ತಲೆನೋವು, ತಲೆಸುತ್ತು ಅಂದರೆ ಬಿಪಿ ಅಂತ ಕೂರಬೇಡಿ. ಮೊದಲು ಹೊರಗಿನ ಗಾಳಿಗೆ ಕರೆತನ್ನಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡವ್ವ ಜಗಳೂರಿಗೆ ಹೋದ ಮೇಲೆ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಾಳೆ. ನೌಕರಿ ಬಗ್ಗೆ, ಮದುವೆ ಬಗ್ಗೆ ಎಲ್ಲ ಕೇಳಿ ಮುಗಿಸಿ, ಕೊನೆಗೆ ತಪ್ಪದೇ ಕೇಳುತ್ತಾಳೆ: "ಬಚ್ಚಲ ಕಿಟಕಿ ತೆಗದೈತಿ ಇಲ್ಲೋ?"